ಊಟದ ಸಾಲಿನಿಂದ ಶುರುಮಾಡಿ: ಜರ್ಮನಿ, ನೆದರ್‌ಲ್ಯಾಂಡ್ಸ್‌ನ ವಿದ್ಯಾರ್ಥಿ ಸೇವೆಗಳನ್ನು ನೋಡಲು ಹೊರಟವರಿಗೆ ಕೈಪಿಡಿ

ವಿದೇಶಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಸೇವೆಗಳನ್ನು ನೋಡಿಬರಲು ಹೊರಟ ತಂಡಗಳ ದಿನವೆಲ್ಲ ಸಾಮಾನ್ಯವಾಗಿ ಮೀಟಿಂಗ್ ಹಾಲಿನಲ್ಲೇ ಮುಗಿದುಹೋಗುತ್ತದೆ. ಕಾಫಿ, ಸ್ವಾಗತ, ನಲವತ್ತು ಸ್ಲೈಡು, ಗುಂಪು ಫೋಟೊ, ಕರಪತ್ರದ ಚೀಲ. ಮರಳಿ ಬಂದು ಬರೆದ ವರದಿಯಲ್ಲಿ ಆ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಇಲ್ಲದ ಒಂದು ಸಾಲೂ ಇರುವುದಿಲ್ಲ. ಸೇವೆ ಹೇಗೆ ನಡೆಯುತ್ತದೆ ಎಂಬುದು ಗೊತ್ತಾಗುವುದು ಮಧ್ಯಾಹ್ನ ಹನ್ನೆರಡೂಕಾಲಿಗೆ ಊಟದ ಸಾಲಿನಲ್ಲಿ ನಿಂತಾಗ, ಹಾಸ್ಟೆಲಿನ ಫ್ರಿಜ್ಜಿಗೆ ಅಂಟಿಸಿದ ಚೀಟಿ ಓದಿದಾಗ, ಸಲಹಾ ಕೇಂದ್ರದ ಬಾಗಿಲಲ್ಲಿ ‘ಮಂಗಳವಾರ 10ರಿಂದ 12’ ಎಂದಷ್ಟೇ ಬರೆದಿರುವುದು ಕಂಡಾಗ. ಪ್ರವಾಸದ ಯೋಜನೆಯನ್ನು ಕಟ್ಟಡಗಳ ಸುತ್ತ ಹೆಣೆಯಬೇಡಿ. ಒಬ್ಬ ವಿದ್ಯಾರ್ಥಿಯ ಒಂದು ತೊಂದರೆಯನ್ನು ಹಿಡಿದು, ಅದು ಯಾವ ಯಾವ ಕೌಂಟರ್ ದಾಟಿ ಬಗೆಹರಿಯುತ್ತದೆ ಎಂದು ಜಾಡು ಹಿಡಿದು ಹೋಗಿ. ಉಳಿದೆಲ್ಲ ವ್ಯವಸ್ಥೆ ಆ ಜಾಡಿಗೆ ಹೊಂದಿಕೊಳ್ಳಲಿ.

ಇಲ್ಲಿ ಹೇಳಿರುವುದು ವಾರ್ಡನ್‌ಗಳು, ವಿದ್ಯಾರ್ಥಿ ಕ್ಷೇಮಪಾಲನಾ ಅಧಿಕಾರಿಗಳು, ಆಪ್ತಸಮಾಲೋಚಕರು, ಪರೀಕ್ಷಾ ವಿಭಾಗದವರು, ಉನ್ನತ ಶಿಕ್ಷಣ ಆಡಳಿತ ಓದುತ್ತಿರುವವರು ಸೇರಿದ 8ರಿಂದ 12 ಜನರ ತಂಡಕ್ಕೆ. ಹನ್ನೆರಡಕ್ಕಿಂತ ಹೆಚ್ಚಾದರೆ ಯಾವ ಕಚೇರಿಯೂ ನಿಮ್ಮನ್ನು ತನ್ನ ಕೋಣೆಯೊಳಗೆ ಕೂರಿಸಿಕೊಳ್ಳಲಾರದು. ಆಗ ಹಾಲ್ ಬುಕ್ ಮಾಡುತ್ತಾರೆ, ಹಾಲ್ ಬಂದರೆ ಸ್ಲೈಡು ಬಂದಂತೆಯೇ.

ಎರಡು ದೇಶ, ಒಂದು ವೀಸಾ

ಜರ್ಮನಿ ಮತ್ತು ನೆದರ್‌ಲ್ಯಾಂಡ್ಸ್ ಜೋಡಿಯನ್ನು ಆರಿಸಿಕೊಳ್ಳಲು ಕಾರಣವಿದೆ. ಎರಡೂ ಷೆಂಗೆನ್, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಗುಂಪಿನ ದೇಶಗಳು, ನಡುವೆ ರೈಲಿದೆ, ಆದರೆ ವಿದ್ಯಾರ್ಥಿಯ ಯೋಗಕ್ಷೇಮ ಯಾರ ಹೊಣೆ ಎಂಬ ಪ್ರಶ್ನೆಗೆ ಎರಡೂ ಬೇರೆ ಬೇರೆ ಉತ್ತರ ಕೊಟ್ಟಿವೆ.

ಜರ್ಮನಿಯಲ್ಲಿ ಪಾಠ, ಪರೀಕ್ಷೆ, ಪ್ರವೇಶ ವಿಶ್ವವಿದ್ಯಾಲಯದ ಕೆಲಸ. ಊಟ, ವಸತಿ, ಸರ್ಕಾರಿ ವಿದ್ಯಾರ್ಥಿ ನೆರವಿನ ಅರ್ಜಿ, ಮಾನಸಿಕ ಹಾಗೂ ಸಾಮಾಜಿಕ ಸಲಹೆ, ಮಕ್ಕಳಿರುವ ವಿದ್ಯಾರ್ಥಿಗಳಿಗೆ ಶಿಶುವಿಹಾರ, ಇವೆಲ್ಲ ಷ್ಟುಡೀರೆಂಡನ್‌ವೆರ್ಕ್ ಎಂಬ ಬೇರೆಯದೇ ಸಂಸ್ಥೆಯ ಪಾಲು. ಇಂಥವು ದೇಶದಲ್ಲಿ 50ಕ್ಕೂ ಹೆಚ್ಚಿವೆ. ಬಹುತೇಕ ಎಲ್ಲವೂ ರಾಜ್ಯದ ಕಾನೂನಿನಡಿ ಸ್ಥಾಪನೆಯಾದ ಸಾರ್ವಜನಿಕ ಸಂಸ್ಥೆಗಳು. ಒಂದೊಂದೂ ಒಂದು ಪ್ರದೇಶದ ಹಲವು ವಿಶ್ವವಿದ್ಯಾಲಯ, ಕಾಲೇಜುಗಳನ್ನು ನೋಡಿಕೊಳ್ಳುತ್ತದೆ, ಆಡಳಿತ ಮಂಡಳಿಯಲ್ಲಿ ವಿದ್ಯಾರ್ಥಿಗಳಿಗೂ ಸ್ಥಾನವಿರುತ್ತದೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಹೊಟ್ಟೆಗಿಲ್ಲದ ವಿದ್ಯಾರ್ಥಿಗಳು ತಾವೇ ನಡೆಸಿದ ಅಡುಗೆಮನೆಗಳಿಂದ ಇವು ಬೆಳೆದವು. ಅವುಗಳ ರಾಷ್ಟ್ರಮಟ್ಟದ ಒಕ್ಕೂಟ 1921ರಲ್ಲಿ ಟ್ಯೂಬಿಂಗನ್‌ನಲ್ಲಿ ಹುಟ್ಟಿತು. ವಾರಾನ್ನ ಉಂಡು ಓದಿದವರ ಕತೆ ಕೇಳಿ ಬೆಳೆದ ನಮಗೆ ಇದು ತೀರ ಅಪರಿಚಿತವಲ್ಲ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ನಡೆಸುವ ಹಾಸ್ಟೆಲುಗಳೂ ಕಾಲೇಜಿನ ಹೊರಗಿನವೇ. ಹಾಗಾಗಿ ‘ಹೊರಗಿನ ಸಂಸ್ಥೆ ಒಳಗಿನ ವಿದ್ಯಾರ್ಥಿಯನ್ನು ನೋಡಿಕೊಳ್ಳುವಾಗ ಮಾಹಿತಿ ಎಲ್ಲಿ ಕೈತಪ್ಪುತ್ತದೆ’ ಎಂಬ ಪ್ರಶ್ನೆಯನ್ನು ಅಲ್ಲಿನವರ ಮುಂದಿಡಲು ಕರ್ನಾಟಕದ ತಂಡಕ್ಕೆ ಒಳ್ಳೆಯ ಹಕ್ಕಿದೆ.

ನೆದರ್‌ಲ್ಯಾಂಡ್ಸ್‌ನಲ್ಲಿ ಅಂಥ ಒಂದೇ ಛತ್ರಿ ಇಲ್ಲ. ವಸತಿ ಎಂದರೆ ಉಟ್ರೆಕ್ಟ್‌ನಲ್ಲಿ ಎಸ್‌ಎಸ್‌ಎಚ್, ಡೆಲ್ಫ್ಟ್ ಮತ್ತು ಲೈಡನ್‌ನಲ್ಲಿ ಡುವೊ ಮುಂತಾದ ವಸತಿ ಸಂಸ್ಥೆಗಳು. ಹಣಕಾಸಿನ ನೆರವು ಸರ್ಕಾರದ ಡ್ಯುವೊ ಕಚೇರಿಯದು. ಹೆಸರು ಹತ್ತಿರವಾದರೂ ಡುವೊ, ಡ್ಯುವೊ ಬೇರೆ ಬೇರೆ, ಟಿಪ್ಪಣಿಯಲ್ಲಿ ಕಲಸಬೇಡಿ. ಸಲಹೆ, ಮನೋವಿಜ್ಞಾನಿ, ದೂರು ಇವು ಮಾತ್ರ ವಿಶ್ವವಿದ್ಯಾಲಯದ ಒಳಗೆ.

ದಾರಿ: ಫ್ರಾಂಕ್‌ಫರ್ಟ್‌ನಲ್ಲಿ ಇಳಿಯಿರಿ. ಹೈಡೆಲ್‌ಬರ್ಗ್‌ನಲ್ಲಿ ಎರಡು ದಿನ, ಟ್ಯೂಬಿಂಗನ್‌ನಲ್ಲಿ ಎರಡು, ಆಖೆನ್‌ನಲ್ಲಿ ಎರಡು, ಉಟ್ರೆಕ್ಟ್‌ನಲ್ಲಿ ಮೂರು. ಆಮ್‌ಸ್ಟರ್‌ಡಾಮ್‌ನಿಂದ ವಾಪಸ್. ಪಯಣದ ದಿನಗಳೂ ಸೇರಿ ಹದಿಮೂರು ದಿನ. ಐದನೆಯ ಊರು ಸೇರಿಸೋಣ ಎಂಬ ಒತ್ತಾಯ ತಂಡದೊಳಗಿಂದಲೇ ಬರುತ್ತದೆ. ಒಪ್ಪಿದರೆ ಪ್ರತಿ ಊರಲ್ಲೂ ಎರಡನೆಯ ದಿನ ಕೈಬಿಡುತ್ತದೆ. ಮೊದಲ ದಿನ ಮುಜುಗರದಿಂದ ಹೇಳದ್ದನ್ನು ಅಲ್ಲಿನವರು ಹೇಳುವುದೇ ಎರಡನೆಯ ದಿನ.

ತಿಂಗಳು ತಪ್ಪಿದರೆ ಎಲ್ಲ ತಪ್ಪಿತು

ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಕಾಗದದ ಮೇಲೆ ಅಕ್ಟೋಬರ್ 1ರಿಂದ ಮಾರ್ಚ್ 31. ಪಾಠ ನಡೆಯುವುದು ಅಕ್ಟೋಬರ್ ನಡುವಿನಿಂದ ಫೆಬ್ರವರಿ ಮೊದಲ ಅಥವಾ ಎರಡನೆಯ ವಾರದವರೆಗೆ, ನಡುವೆ ಕ್ರಿಸ್‌ಮಸ್‌ಗೆ ಸುಮಾರು ಎರಡು ವಾರ ಬಿಡುವು. ಬೇಸಿಗೆ ಸೆಮಿಸ್ಟರ್ ಏಪ್ರಿಲ್ 1ರಿಂದ ಸೆಪ್ಟೆಂಬರ್ 30. ಪಾಠ ಏಪ್ರಿಲ್ ನಡುವಿನಿಂದ ಜುಲೈ ಕೊನೆಯೊಳಗೆ ಮುಗಿಯುತ್ತದೆ. ನಮ್ಮ ದಸರಾ ರಜೆಗೆ ಸರಿಹೋಗುತ್ತದೆಂದು ಸೆಪ್ಟೆಂಬರ್ ಕೊನೆಗೆ ಹೋದರೆ ಖಾಲಿ ಮೆನ್ಸಾ, ಅಂದರೆ ವಿದ್ಯಾರ್ಥಿಗಳ ಊಟದ ಹಾಲ್, ನೋಡಿಕೊಂಡು ಬರಬೇಕು. ನಮ್ಮ ಬೇಸಿಗೆ ರಜೆ, ಅಂದರೆ ಏಪ್ರಿಲ್ ಕೊನೆ ಮತ್ತು ಮೇ, ಪರವಾಗಿಲ್ಲ. ಆದರೆ ಮೇ-ಜೂನ್‌ನಲ್ಲಿ ರಜೆಗಳ ಸರಮಾಲೆ: ಮೇ 1, ಗುರುವಾರ ಬೀಳುವ ಕ್ರಿಸ್ತಾರೋಹಣ, ಪೆಂಟೆಕಾಸ್ಟ್ ಸೋಮವಾರ, ದಕ್ಷಿಣ ಮತ್ತು ಪಶ್ಚಿಮದ ರಾಜ್ಯಗಳಲ್ಲಿ ಇನ್ನೊಂದು ಗುರುವಾರದ ರಜೆ. ಗುರುವಾರ ರಜೆಯಾದರೆ ಶುಕ್ರವಾರ ಯಾರೂ ಬರುವುದಿಲ್ಲ ಎಂದೇ ಲೆಕ್ಕ ಹಾಕಿ. ನೆದರ್‌ಲ್ಯಾಂಡ್ಸ್‌ನಲ್ಲಿ ಏಪ್ರಿಲ್ 27 ರಾಜನ ದಿನ, ಅಂದು ದೇಶವೇ ಬೀದಿಯಲ್ಲಿರುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ನವೆಂಬರ್‌ನ ಎರಡು, ಮೂರನೆಯ ವಾರ. ನವೆಂಬರ್ 1 ಈ ಭಾಗದ ಜರ್ಮನ್ ರಾಜ್ಯಗಳಲ್ಲಿ ರಜೆ, ಅದನ್ನು ದಾಟಿಕೊಳ್ಳಿ. ಹೊಸ ವಿದ್ಯಾರ್ಥಿಗಳು ಬಂದು ತಿಂಗಳಾಗಿರುತ್ತದೆ, ಇನ್ನೂ ಕೋಣೆ ಸಿಗದವರು ಸ್ನೇಹಿತರ ಕೋಣೆಯಲ್ಲಿ ನೆಲದ ಮೇಲೆ ಮಲಗುತ್ತಿರುತ್ತಾರೆ, ಸಲಹಾ ಕೇಂದ್ರಗಳ ಕಾಯುವ ಪಟ್ಟಿ ಬೆಳೆದಿರುತ್ತದೆ. ವ್ಯವಸ್ಥೆ ತೂಗಿ ನೋಡಬೇಕಾದದ್ದು ಭಾರ ಬಿದ್ದಾಗ. ಚಳಿ ಮಳೆ ಎರಡೂ ಇರುತ್ತವೆ, ನೀರು ಹೀರದ ಬೂಟು ಒಯ್ಯಿರಿ.

ಪತ್ರ ಯಾರಿಗೆ, ಹೇಗೆ

ಐದು ತಿಂಗಳು ಮೊದಲೇ ಬರೆಯಿರಿ. ನವೆಂಬರ್ ಪ್ರವಾಸಕ್ಕೆ ಜೂನ್ ಮೊದಲ ವಾರ ಸರಿ. ಆಗಸ್ಟ್‌ನಲ್ಲಿ ಯುರೋಪಿನ ಕಚೇರಿಗಳು ಅರ್ಧ ಖಾಲಿ. ತಂಡಗಳು ಮಾಡುವ ಮೊದಲ ತಪ್ಪು, ವಿಶ್ವವಿದ್ಯಾಲಯದ ಇಂಟರ್‌ನ್ಯಾಷನಲ್ ಆಫೀಸಿಗೆ ಒಂದೇ ಮೇಲ್ ಕಳಿಸಿ ಸುಮ್ಮನಾಗುವುದು. ಅವರು ಸೌಜನ್ಯದಿಂದ ತಮ್ಮ ಕಚೇರಿ ತೋರಿಸುತ್ತಾರೆ. ಹಾಸ್ಟೆಲು, ಮೆಸ್ಸು ಅವರ ಕೈಯಲ್ಲಿಲ್ಲ. ಜರ್ಮನಿಯ ಪ್ರತಿ ಊರಿಗೂ ಕನಿಷ್ಠ ಮೂರು ಪತ್ರ ಬೇಕು: ಷ್ಟುಡೀರೆಂಡನ್‌ವೆರ್ಕ್‌ಗೆ ಒಂದು, ವಿಶ್ವವಿದ್ಯಾಲಯದ ಕೇಂದ್ರೀಯ ಅಧ್ಯಯನ ಸಲಹಾ ವಿಭಾಗಕ್ಕೆ ಒಂದು, ವಿದ್ಯಾರ್ಥಿ ಸಂಘಕ್ಕೆ ಒಂದು. ಆಖೆನ್‌ನಲ್ಲಿ ವಿದ್ಯಾರ್ಥಿ ಸಂಘದ ಕಾರ್ಯಕಾರಿ ಸಮಿತಿಗೆ ಆಸ್ಟಾ ಎಂದು ಹೆಸರು. ಹೈಡೆಲ್‌ಬರ್ಗ್, ಟ್ಯೂಬಿಂಗನ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಕಾನೂನುಬದ್ಧ ವಿದ್ಯಾರ್ಥಿ ಸಂಘಗಳನ್ನು 1977ರಲ್ಲಿ ರದ್ದು ಮಾಡಿ 2012ರಲ್ಲಿ ಮರಳಿ ತಂದಿತು. ಸಂಘಗಳಿಲ್ಲದ ಆ 35 ವರ್ಷ ವಿದ್ಯಾರ್ಥಿಗಳ ದನಿ ಎಲ್ಲಿಂದ ಹೋಗುತ್ತಿತ್ತು ಎಂದು ಅಲ್ಲಿ ಕೇಳಿ. ವಿದ್ಯಾರ್ಥಿ ಚುನಾವಣೆ ನಿಂತುಹೋದ ರಾಜ್ಯದಿಂದ ಹೋದವರಿಗೆ ಅದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ಮೇಲ್ ಅರ್ಧ ಪುಟ ಮೀರಬಾರದು. ನೀವು ಯಾರು, ಎಷ್ಟು ಜನ, ಯಾವ ಹುದ್ದೆಯವರು; ಎರಡು ಪರ್ಯಾಯ ದಿನಾಂಕ; ಬೇಕಿರುವುದು ಎರಡು ಗಂಟೆ; ಮೂರು ನಿರ್ದಿಷ್ಟ ಪ್ರಶ್ನೆ; ಇಂಗ್ಲಿಷ್ ಸಾಕು ಎಂಬ ಮಾತು. ಕುಲಪತಿಗಳ ಸಂದೇಶ, ಸಂಸ್ಥೆಯ ಇತಿಹಾಸ, ಒಡಂಬಡಿಕೆಗೆ ಸಹಿ ಹಾಕುವ ಪ್ರಸ್ತಾಪ, ಇವು ಬಂದರೆ ಮೇಲ್ ಕೆಳಗಿನ ಕೌಂಟರ್ ಬಿಟ್ಟು ಮೇಲಿನ ಮಹಡಿಗೆ ಹೋಗುತ್ತದೆ. ಅಲ್ಲಿಂದ ಬರುವ ಉತ್ತರವೇ ಆ ಮೀಟಿಂಗ್ ಹಾಲು. ಎರಡು ವಾರವಾದರೂ ಸದ್ದಿಲ್ಲದಿದ್ದರೆ ಅದೇ ಇಮೇಲ್‌ಗೆ ಎರಡು ಸಾಲು ಸೇರಿಸಿ ನೆನಪಿಸಿ. ಅದರಿಂದ ಯಾರೂ ಬೇಸರಿಸುವುದಿಲ್ಲ.

ಜರ್ಮನ್ನರು ‘ಅದು ನನ್ನ ವ್ಯಾಪ್ತಿಗೆ ಬರುವುದಿಲ್ಲ’ ಎಂದರೆ ಒರಟುತನವೆಂದು ತಿಳಿಯಬೇಡಿ. ಯಾವ ಪ್ರಶ್ನೆ ಯಾವ ಮೇಜಿಗೆ ಸೇರಿದ್ದು ಎಂಬುದು ಅಲ್ಲಿ ಬಹಳ ಖಚಿತ. ‘ಹಾಗಾದರೆ ಯಾರ ವ್ಯಾಪ್ತಿ?’ ಎಂದು ಕೇಳಿದರೆ ಕೋಣೆ ನಂಬರ್ ಸಮೇತ ಹೇಳುತ್ತಾರೆ. ಆ ನಂಬರು ನಿಮ್ಮ ಜಾಡಿನ ಮುಂದಿನ ಮೆಟ್ಟಿಲು.

ವೀಸಾ, ಅನುಮತಿ, ಟಿಕೆಟ್

ಹೆಚ್ಚು ದಿನ ಇರುವುದು ಜರ್ಮನಿಯಲ್ಲಿ, ಆದ್ದರಿಂದ ಅರ್ಜಿ ಜರ್ಮನಿಗೆ. ವೀಸಾ ಅರ್ಜಿ ಪಡೆಯುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಬೆರಳಚ್ಚು ಕೊಡಬೇಕು. ಷೆಂಗೆನ್ ಶುಲ್ಕ 2024ರ ಜೂನ್ 11ರಿಂದ ವಯಸ್ಕರಿಗೆ 90 ಯೂರೊ, ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರವಾಸಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಎಂದಿದ್ದರೂ ಅಪಾಯಿಂಟ್‌ಮೆಂಟ್ ಸಿಗುವುದೇ ತಡ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸಾದ ಮೇಲೂ ಮೂರು ತಿಂಗಳು ಬಾಳಬೇಕು, ಎರಡು ಪುಟ ಖಾಲಿ ಇರಬೇಕು. ಪ್ರವಾಸ ವಿಮೆ ಕನಿಷ್ಠ 30,000 ಯೂರೊಗೆ, ಷೆಂಗೆನ್ ದೇಶಗಳಿಗೆಲ್ಲ ಅನ್ವಯಿಸುವಂತಿರಬೇಕು. ಆತಿಥೇಯರ ಪತ್ರದಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಬೇಕು. ಇಲ್ಲಿ ನಮ್ಮವರಿಗೆ ಒಂದು ವಿಶೇಷ ತೊಡಕು: ಸೇವಾ ದಾಖಲೆಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು ಅಥವಾ ತಂದೆಯ ಹೆಸರು ಬಿಡಿಸಿ ಬರೆದಿರುತ್ತದೆ. ಹೆಸರುಗಳ ಪಟ್ಟಿಯನ್ನು ಪಾಸ್‌ಪೋರ್ಟ್ ನೋಡಿಕೊಂಡೇ ಟೈಪ್ ಮಾಡಿ, ಸಿಬ್ಬಂದಿ ಪಟ್ಟಿಯಿಂದ ನಕಲು ಮಾಡಬೇಡಿ.

ಸರ್ಕಾರಿ ವಿಶ್ವವಿದ್ಯಾಲಯದ ನೌಕರರಿಗೆ ವಿದೇಶ ಪ್ರವಾಸಕ್ಕೆ ಪೂರ್ವಾನುಮತಿ ಬೇಕು. ಆ ಕಡತವನ್ನು ಪತ್ರ ಬರೆದ ವಾರವೇ ಚಾಲನೆ ಮಾಡಿ, ಆಹ್ವಾನ ಬರಲಿ ಎಂದು ಕಾಯಬೇಡಿ.

ರೈಲಿನ ಬಗ್ಗೆ ಎರಡೇ ಮಾತು. ಜರ್ಮನ್ ದೂರದ ರೈಲುಗಳು ತಡವಾಗುವುದು ಸಾಮಾನ್ಯ. ಊರು ಬದಲಿಸುವ ದಿನ ಭೇಟಿ ಇಟ್ಟುಕೊಳ್ಳಬೇಡಿ. ಅಗ್ಗದ ಟಿಕೆಟ್ ಒಂದೇ ನಿರ್ದಿಷ್ಟ ರೈಲಿಗೆ ಕಟ್ಟಿರುತ್ತದೆ, ಆದರೆ ಊರು ಸೇರುವುದು 20 ನಿಮಿಷಕ್ಕಿಂತ ತಡವಾಗುತ್ತದೆ ಎಂದು ಗೊತ್ತಾದರೆ ಆ ಕಟ್ಟು ಸಡಿಲವಾಗಿ ಬೇರೆ ರೈಲು ಹಿಡಿಯಬಹುದು. ನೆದರ್‌ಲ್ಯಾಂಡ್ಸ್‌ನಲ್ಲಿ ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ತಾಗಿಸಿ ರೈಲು, ಬಸ್ಸು ಹತ್ತಬಹುದು. ಇಳಿಯುವಾಗ ಮತ್ತೆ ತಾಗಿಸಲು ಮರೆತರೆ ಹೆಚ್ಚು ಹಣ ಕಡಿತವಾಗುತ್ತದೆ. ಒಬ್ಬೊಬ್ಬರಿಗೂ ಅವರವರದೇ ಕಾರ್ಡ್ ಇರಬೇಕು. ಒಂದೇ ಕಾರ್ಡಿನಲ್ಲಿ ಹನ್ನೆರಡು ಜನ ಹೋಗಲಾಗದು.

ಮೂರು ತೊಂದರೆ, ಮೂರು ಜಾಡು

ಹೊರಡುವ ಮೊದಲೇ ತಂಡವನ್ನು ಮೂರು-ನಾಲ್ಕು ಜನರ ಮೂರು ಗುಂಪು ಮಾಡಿ. ಒಂದೊಂದು ಗುಂಪಿಗೂ ಒಬ್ಬ ಕಲ್ಪಿತ ವಿದ್ಯಾರ್ಥಿ, ಒಂದು ನಿಜದ ತೊಂದರೆ. ನಾಲ್ಕೂ ಊರಲ್ಲಿ ಅದೇ ತೊಂದರೆಯನ್ನೇ ಹಿಡಿದು ಹೋಗಬೇಕು. ವೆಬ್‌ಸೈಟಿನಿಂದ ಎಷ್ಟು ದೂರ ಹೋಗಬಹುದೋ ಅಷ್ಟನ್ನು ನಿಮ್ಮೂರಲ್ಲೇ ಕೂತು ನೋಡಿ ಮುಗಿಸಿ. ಎಲ್ಲಿ ದಾರಿ ಕಡಿಯುತ್ತದೋ ಅಲ್ಲಿಂದ ಮುಂದಿನದು ನಿಮ್ಮ ಪ್ರಶ್ನೆ.

ಮೊದಲನೆಯದು ಕೋಣೆ. ರಾಯಚೂರಿನ ಹುಡುಗಿಯೊಬ್ಬಳಿಗೆ ಆಖೆನ್‌ನಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರ ಸೀಟು ಸಿಕ್ಕಿದೆ ಎಂದುಕೊಳ್ಳಿ, ಅಕ್ಟೋಬರ್ ಬಂದರೂ ಕೋಣೆಯಿಲ್ಲ. ಜರ್ಮನಿಯಲ್ಲಿ ಷ್ಟುಡೀರೆಂಡನ್‌ವೆರ್ಕ್ ಹಾಸ್ಟೆಲುಗಳಲ್ಲಿ ಜಾಗವಿರುವುದು ಸುಮಾರು ಹತ್ತರಲ್ಲಿ ಒಬ್ಬ ವಿದ್ಯಾರ್ಥಿಗೆ ಮಾತ್ರ. ಕಾಯುವ ಪಟ್ಟಿ ತಿಂಗಳುಗಟ್ಟಲೆ. ಕೋಣೆಯಿಲ್ಲದಿದ್ದರೆ ತೊಂದರೆ ಮಲಗುವುದಕ್ಕಷ್ಟೇ ಅಲ್ಲ. ಬಾಡಿಗೆ ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರುವ ಚೀಟಿ ಬೇಕು. ವಿಳಾಸವಿಲ್ಲದೆ ವಾಸದ ಪರವಾನಗಿಯ ಅರ್ಜಿ ಮುಂದೆ ಸಾಗದು. ಒಂದು ಕೋಣೆ ಇಷ್ಟನ್ನೂ ಹಿಡಿದು ನಿಲ್ಲಿಸುತ್ತದೆ. ಈ ಕೊಂಡಿಯಲ್ಲಿ ವಿಶ್ವವಿದ್ಯಾಲಯ ಎಲ್ಲಿ ಕೈಹಾಕುತ್ತದೆ, ಷ್ಟುಡೀರೆಂಡನ್‌ವೆರ್ಕ್ ಎಲ್ಲಿ, ನಗರ ಎಲ್ಲಿ ಎಂದು ಕೇಳಿ. ತಾತ್ಕಾಲಿಕ ಹಾಸಿಗೆ ಉಂಟೇ? ಅಲ್ಲಿ ಕೊಟ್ಟ ವಿಳಾಸ ನೋಂದಣಿಗೆ ನಡೆಯುತ್ತದೆಯೇ? ಆಖೆನ್‌ನಲ್ಲಿರುವಾಗ ಬಸ್ ಹತ್ತಿ ಗಡಿಯಾಚೆಯ ಡಚ್ ಊರು ಫಾಲ್ಸ್‌ಗೆ ಹೋಗಿಬನ್ನಿ. ಆಖೆನ್ ವಿದ್ಯಾರ್ಥಿಗಳು ಅಲ್ಲಿ ಮನೆ ಮಾಡಿಕೊಂಡಿದ್ದಾರೆ: ಓದು ಒಂದು ದೇಶದಲ್ಲಿ, ಹಾಸಿಗೆ ಇನ್ನೊಂದರಲ್ಲಿ. ನೋಂದಣಿ, ವಿಮೆ, ಪರವಾನಗಿ ಅಲ್ಲಿ ಹೇಗೆ ತಿರುಗಿಬೀಳುತ್ತವೆ ಎಂದು ವಿದ್ಯಾರ್ಥಿಗಳನ್ನೇ ಕೇಳಿ.

ಅದೇ ತೊಂದರೆ ಉಟ್ರೆಕ್ಟ್‌ನಲ್ಲಿ ಬೇರೆ ರೂಪ ತಾಳುತ್ತದೆ. ಮನೆ ಹಂಚಿಕೊಂಡಿರುವ ವಿದ್ಯಾರ್ಥಿಗಳೇ ಹೊಸಬರನ್ನು ಆರಿಸುತ್ತಾರೆ. ಆಸಕ್ತರನ್ನು ಒಂದು ಸಂಜೆ ಕರೆದು ಮಾತಾಡಿಸಿ, ಒಬ್ಬರಿಗೆ ಕೋಣೆ ಕೊಡುತ್ತಾರೆ. ಇದಕ್ಕೆ ಹಾಸ್ಪಿಟೀರನ್ ಎಂದು ಹೆಸರು. ಭಾಷೆ ಬಾರದ, ಬಿಯರ್ ಕುಡಿಯದ ಹೊಸಬರಿಗೆ ಇಂಥ ಸಂಜೆ ಹೇಗಿರಬಹುದು ಎಂಬುದನ್ನು ವಸತಿ ಸಂಸ್ಥೆಯವರನ್ನು ಕೇಳಿ, ವಿದ್ಯಾರ್ಥಿಗಳನ್ನೂ ಕೇಳಿ, ಎರಡು ಉತ್ತರ ಹೋಲಿಸಿ. ಕ್ಯಾಂಪಸ್ ಕರಾರು ಎಂಬುದನ್ನೂ ಗುರುತು ಹಾಕಿಕೊಳ್ಳಿ: ಓದು ಮುಗಿದ ಆರು ತಿಂಗಳೊಳಗೆ ಕೋಣೆ ಬಿಡಬೇಕೆಂಬ ಷರತ್ತು ಅದರಲ್ಲಿದೆ. ಜರ್ಮನ್ ಹಾಸ್ಟೆಲುಗಳಲ್ಲೂ ಇಷ್ಟು ಸೆಮಿಸ್ಟರ್ ಎಂಬ ಮಿತಿ ಇರುತ್ತದೆ. ಪಾಸಾಗಿ ಮೂರು ವರ್ಷವಾದರೂ ಕೋಣೆ ಬಿಡದವರ ಜೊತೆ ಗುದ್ದಾಡುವ ವಾರ್ಡನ್‌ಗಳು ಈ ಕರಾರಿನ ಪ್ರತಿ ಕೇಳಿ ತನ್ನಿ.

ವಾರ್ಡನ್ ಎಂಬ ಹುದ್ದೆ ಮಾತ್ರ ಅಲ್ಲಿ ಸಿಗದು. ಗೇಟು ಹಾಕುವ ಹೊತ್ತು, ಹಾಜರಿ, ರಾತ್ರಿ ಸುತ್ತು ಯಾವುದೂ ಇಲ್ಲ. ನಲ್ಲಿ, ಹೀಟರ್, ಬೀಗ ನೋಡಿಕೊಳ್ಳಲು ಹೌಸ್‌ಮೈಸ್ಟರ್ ಇರುತ್ತಾರೆ. ಹೊಸಬರಿಗೆ ಕಸ ವಿಂಗಡಣೆಯಿಂದ ಹಿಡಿದು ನಗರ ಕಚೇರಿಯ ಫಾರಂವರೆಗೆ ಹೇಳಿಕೊಡಲು ಹಿರಿಯ ವಿದ್ಯಾರ್ಥಿಗಳೇ ಟ್ಯೂಟರ್ ಆಗಿರುತ್ತಾರೆ. ‘ರಾತ್ರಿ ಯಾರು ಜವಾಬ್ದಾರಿ?’ ಎಂದು ನಮ್ಮವರು ಕೇಳಿಯೇ ಕೇಳುತ್ತಾರೆ. ಬಾಡಿಗೆದಾರ ವಯಸ್ಕ, ತುರ್ತಿಗೆ 112, ಅಷ್ಟೇ ಉತ್ತರ. ಅದನ್ನು ತಕ್ಷಣ ಸರಿ ಅಥವಾ ತಪ್ಪು ಎಂದು ತೀರ್ಮಾನಿಸಬೇಡಿ, ಟ್ಯೂಟರ್‌ಗೆ ಎಷ್ಟು ತರಬೇತಿ, ಎಷ್ಟು ಗೌರವಧನ, ಒಬ್ಬರಿಗೆ ಎಷ್ಟು ಕೋಣೆ ಎಂದು ಕೇಳಿ ಬರೆದುಕೊಳ್ಳಿ. ನಮ್ಮ ಹಾಸ್ಟೆಲಿನಲ್ಲಿ ನಾಳೆಯೇ ಮಾಡಬಹುದಾದ ಕೆಲಸ ಇದೊಂದು.

ಎರಡನೆಯ ತೊಂದರೆ ಪರೀಕ್ಷೆ. ಜರ್ಮನಿಯ ಬಹಳಷ್ಟು ಕೋರ್ಸುಗಳಲ್ಲಿ ಒಂದು ಕಡ್ಡಾಯ ಪರೀಕ್ಷೆಯನ್ನು ಇಂತಿಷ್ಟು ಬಾರಿ ಮಾತ್ರ ಬರೆಯಬಹುದು. ಕೊನೆಯ ಅವಕಾಶದಲ್ಲೂ ಫೇಲಾದರೆ ಆ ವಿಷಯದ ಓದೇ ಮುಗಿಯಿತು, ಅದೇ ವಿಷಯಕ್ಕೆ ಬೇರೆ ಜರ್ಮನ್ ವಿಶ್ವವಿದ್ಯಾಲಯದಲ್ಲೂ ಸೇರುವುದು ಕಷ್ಟ. ಬ್ಯಾಕ್‌ಲಾಗ್ ಇಟ್ಟುಕೊಂಡೇ ಸೆಮಿಸ್ಟರ್ ದಾಟುವ ನಮ್ಮ ಹುಡುಗರಿಗೆ ಇದು ತಡವಾಗಿ ಅರ್ಥವಾಗುತ್ತದೆ. ಪರೀಕ್ಷಾ ಕಚೇರಿಯಲ್ಲಿ ಕೇಳಬೇಕಾದದ್ದು: ಕೊನೆಯ ಪ್ರಯತ್ನಕ್ಕೆ ಮೊದಲು ವಿದ್ಯಾರ್ಥಿಯನ್ನು ಯಾರಾದರೂ ಕರೆದು ಮಾತಾಡಿಸುತ್ತಾರೆಯೇ, ಅಥವಾ ಪತ್ರವೊಂದು ಹೋಗುತ್ತದೆಯೇ? ಕಾಯಿಲೆ, ಅಂಗವೈಕಲ್ಯ ಇದ್ದವರಿಗೆ ಹೆಚ್ಚು ಸಮಯ ಅಥವಾ ಬೇರೆ ಕೋಣೆ ಕೊಡುವ ನಾಖ್‌ಟೈಲ್ಸ್‌ಔಸ್‌ಗ್ಲೈಖ್ ಎಂಬ ವ್ಯವಸ್ಥೆ ಇದೆ, ಅಂದರೆ ಅನನುಕೂಲ ಸರಿದೂಗಿಸುವುದು. ಅದರ ಅರ್ಜಿ ಪರೀಕ್ಷೆಗೆ ಮೊದಲೇ ಬರಬೇಕು. ಆ ಗಡುವು ಎಷ್ಟು ಜನಕ್ಕೆ ಗೊತ್ತಿರುತ್ತದೆ ಎಂದು ವಿದ್ಯಾರ್ಥಿ ಸಂಘದವರನ್ನು ಕೇಳಿ.

ಡಚ್ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷವೇ ಜರಡಿ. ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್ ಎಂದರೆ 28 ಗಂಟೆಯ ಕೆಲಸ. ಪದವಿಯ ಮೊದಲ ವರ್ಷ ನಿಗದಿತ ಕನಿಷ್ಠ ಕ್ರೆಡಿಟ್ ಗಳಿಸದಿದ್ದರೆ ಕೋರ್ಸ್ ಬಿಡಬೇಕು. ಆದರೆ ಹಾಗೆ ಕಳಿಸುವ ಮೊದಲು ಮುನ್ನೆಚ್ಚರಿಕೆ ಕೊಡಬೇಕು, ವೈಯಕ್ತಿಕ ಕಾರಣಗಳನ್ನು ಪರಿಗಣಿಸಬೇಕು ಎಂದು ಕಾನೂನೇ ಹೇಳುತ್ತದೆ. ಇಲ್ಲಿ ಮೂರು ಬೇರೆ ಹುದ್ದೆಗಳು ಬರುತ್ತವೆ. ವಿಭಾಗದಲ್ಲಿರುವ ಅಧ್ಯಯನ ಸಲಹೆಗಾರರು ಓದಿನ ಯೋಜನೆ ನೋಡುತ್ತಾರೆ, ಸ್ಟುಡೆಂಟನ್‌ಡೇಕಾನ್ ಎಂಬ ಅಧಿಕಾರಿ ನಿಯಮ, ಹಣಕಾಸು, ವಿಶೇಷ ಸಂದರ್ಭ ನೋಡುತ್ತಾರೆ, ಮನೋವಿಜ್ಞಾನಿ ಮನಸ್ಸನ್ನು. ನಮ್ಮಲ್ಲಿ ಈ ಮೂರನ್ನೂ ಒಬ್ಬ ಮೆಂಟರ್ ಮೇಷ್ಟ್ರ ತಲೆಗೆ ಕಟ್ಟಿರುತ್ತೇವೆ. ಕಾಯಿಲೆಯಿಂದಲೋ ವಿದ್ಯಾರ್ಥಿ ಮಂಡಳಿಯ ಕೆಲಸದಿಂದಲೋ ಓದು ತಡವಾದವರಿಗೆ ಹಣ ಕೊಡುವ ಪ್ರೊಫೈಲರಿಂಗ್ಸ್‌ಫಾಂಡ್ಸ್ ಎಂಬ ನಿಧಿಯೂ ಇದೆ. ಡೇಕಾನ್ ಜೊತೆಗಿನ ಅರ್ಧ ಗಂಟೆಯನ್ನು ಅದಕ್ಕೇ ಮೀಸಲಿಡಿ.

ಮೂರನೆಯದು ರಾತ್ರಿ ಹನ್ನೊಂದರ ಒಂಟಿತನ. ಜರ್ಮನ್ ಸಲಹಾ ಕೇಂದ್ರಗಳು ಉಚಿತ, ಗೋಪ್ಯ. ಮನೋವಿಜ್ಞಾನಿ ಗುಟ್ಟು ಬಿಟ್ಟುಕೊಟ್ಟರೆ ಅದು ದಂಡಸಂಹಿತೆಯ ಪ್ರಕಾರ ಅಪರಾಧ. ಆದರೆ ಅವು ಕೊಡುವುದು ಕೆಲವೇ ಭೇಟಿಗಳ ಸಲಹೆ, ದೀರ್ಘ ಚಿಕಿತ್ಸೆಗೆ ಆರೋಗ್ಯ ವಿಮೆ ಭರಿಸುವ ಹೊರಗಿನ ಚಿಕಿತ್ಸಕರ ಬಳಿ ಹೋಗಬೇಕು, ಅಲ್ಲೂ ತಿಂಗಳುಗಟ್ಟಲೆ ಕಾಯಬೇಕು. ನಡುವಿನ ಆ ತಿಂಗಳುಗಳಲ್ಲಿ ಏನು ಮಾಡುತ್ತಾರೆ? ಭೇಟಿಯ ಮುಖ್ಯ ಪ್ರಶ್ನೆ ಅದೇ. ಹೈಡೆಲ್‌ಬರ್ಗ್‌ನಂಥ ಊರಲ್ಲಿ ನೈಟ್‌ಲೈನ್ ಇದೆ: ರಾತ್ರಿ ವಿದ್ಯಾರ್ಥಿಗಳೇ ವಿದ್ಯಾರ್ಥಿಗಳ ಕರೆಗೆ ಕಿವಿಗೊಡುವ, ಹೆಸರು ಕೇಳದ ಫೋನ್ ಸೇವೆ. ಅವರ ಕೋಣೆ ನೋಡಬೇಕೆಂದು ಹಟ ಹಿಡಿಯಬೇಡಿ, ಗುರುತು ಗೌಪ್ಯವಾಗಿರುವುದರಲ್ಲೇ ಅದರ ಜೀವವಿದೆ. ತರಬೇತಿ ಹೇಗೆ ಎಂದು ಮೇಲ್‌ನಲ್ಲಿ ಕೇಳಿದರೆ ಸಾಕು. ಯಾವ ಸಲಹಾ ಕೇಂದ್ರಕ್ಕೂ ಇಡೀ ತಂಡ ಹೋಗಬಾರದು. ಇಬ್ಬರು, ಮೊದಲೇ ಗೊತ್ತುಪಡಿಸಿದ ಹೊತ್ತಿನಲ್ಲಿ, ವಿದ್ಯಾರ್ಥಿಗಳು ಕಾಯುವ ಜಾಗ ಬಿಟ್ಟು ಬೇರೆ ಬಾಗಿಲಿಂದ.

ಮೆನ್ಸಾದಲ್ಲಿ ಒಂದು ಗಂಟೆ

ಪ್ರತಿ ಊರಲ್ಲೂ ಒಂದು ಮಧ್ಯಾಹ್ನ ಆತಿಥೇಯರ ಊಟದ ಆಹ್ವಾನವನ್ನು ನಯವಾಗಿ ತಪ್ಪಿಸಿ ಮೆನ್ಸಾಕ್ಕೆ ಹೋಗಿ. ಬಿಸಿಯೂಟ ಸಾಮಾನ್ಯವಾಗಿ ಹನ್ನೊಂದೂವರೆಯಿಂದ ಎರಡರವರೆಗೆ. ಹನ್ನೊಂದೂವರೆಗೇ ಹೋಗಿ ಮೂಲೆಯಲ್ಲಿ ಕೂತು ಗಡಿಯಾರ ಇಟ್ಟುಕೊಳ್ಳಿ: ಸಾಲಿನ ಕೊನೆಯವರು ಹಣ ಕಟ್ಟುವವರೆಗೆ ಎಷ್ಟು ನಿಮಿಷ? ತರಗತಿ ಬಿಟ್ಟಾಗ ಎಷ್ಟಾಗುತ್ತದೆ? ಬೆಲೆ ಮೂರು ಬಗೆ: ವಿದ್ಯಾರ್ಥಿಗೆ, ನೌಕರರಿಗೆ, ಅತಿಥಿಗೆ. ಫಲಕದಲ್ಲಿ ಮೂರೂ ಅಂಕಿ ಪಕ್ಕಪಕ್ಕದಲ್ಲಿರುತ್ತವೆ. ಆ ವ್ಯತ್ಯಾಸದಲ್ಲಿ ಸಹಾಯಧನ ಕಾಣುತ್ತದೆ. ಅದು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಸೆಮಿಸ್ಟರ್ ವಂತಿಗೆಗೆ ಬಂದು ನಿಲ್ಲುತ್ತೀರಿ. ಮೆನ್ಸಾದಲ್ಲಿ ಒಂದು ದಿನವೂ ಉಣ್ಣದವರೂ ಸೇರಿ ಎಲ್ಲ ವಿದ್ಯಾರ್ಥಿಗಳೂ ಪ್ರತಿ ಸೆಮಿಸ್ಟರ್ ಷ್ಟುಡೀರೆಂಡನ್‌ವೆರ್ಕ್‌ಗೆ ವಂತಿಗೆ ಕಟ್ಟುತ್ತಾರೆ. ಜೊತೆಗೆ ರಾಜ್ಯದ ಅನುದಾನ, ಬಾಡಿಗೆ ಮತ್ತು ಊಟದ ವರಮಾನ. ಆ ವಂತಿಗೆಯ ರಸೀದಿಯ ಬಿಡಿ ಲೆಕ್ಕವನ್ನು ಕೇಳಿ ಪಡೆಯಿರಿ. ಒಂದು ಚೀಟಿಯಲ್ಲಿ ಇಡೀ ವ್ಯವಸ್ಥೆಯ ನಕ್ಷೆ ಅದು: ಷ್ಟುಡೀರೆಂಡನ್‌ವೆರ್ಕ್‌ಗೆ ಇಷ್ಟು, ವಿದ್ಯಾರ್ಥಿ ಸಂಘಕ್ಕೆ ಇಷ್ಟು, ಕೆಲವು ಕಡೆ ಬಸ್-ರೈಲಿನ ಸೆಮಿಸ್ಟರ್ ಟಿಕೆಟ್‌ಗೆ ಇಷ್ಟು. ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ 2017ರ ಚಳಿಗಾಲದಿಂದ ಸೆಮಿಸ್ಟರಿಗೆ 1,500 ಯೂರೊ ಬೋಧನಾ ಶುಲ್ಕವೂ ಸೇರುತ್ತದೆ, ರಾಜ್ಯದ ಗಡಿ ದಾಟಿ ಆಖೆನ್‌ಗೆ ಹೋದರೆ ಆ ಸಾಲು ಇರುವುದಿಲ್ಲ. ಸರ್ಕಾರಿ ನೆರವಾದ ಬಾಫೋಗ್‌ನ ಕೌಂಟರ್ ಕೂಡ ಷ್ಟುಡೀರೆಂಡನ್‌ವೆರ್ಕ್‌ನಲ್ಲೇ ಸಿಗುತ್ತದೆ. ನೆರವಿನ ಅರ್ಧ ಅನುದಾನ, ಅರ್ಧ ಬಡ್ಡಿಯಿಲ್ಲದ ಸಾಲ, ಎಷ್ಟೇ ಪಡೆದರೂ ತೀರಿಸಬೇಕಾದ ಮೊತ್ತ 10,010 ಯೂರೊ ದಾಟುವುದಿಲ್ಲ.

ಹಲವೆಡೆ ನಗದು ನಡೆಯುವುದಿಲ್ಲ, ಯಂತ್ರದಲ್ಲಿ ತುಂಬಿಸಿದ ಮೆನ್ಸಾ ಕಾರ್ಡ್ ಬೇಕು. ಅತಿಥಿ ಕಾರ್ಡ್ ಎಲ್ಲಿ ಸಿಗುತ್ತದೆಂದು ಹಿಂದಿನ ದಿನವೇ ವಿಚಾರಿಸಿ, ಹನ್ನೆರಡೂವರೆಗೆ ಕ್ಯಾಷಿಯರ್ ಮುಂದೆ ನಿಂತು ಯೋಚಿಸಿದರೆ ಹಿಂದಿನವರ ನಿಟ್ಟುಸಿರು ಕನ್ನಡದಲ್ಲೇ ಕೇಳಿಸುತ್ತದೆ. ಸಸ್ಯಾಹಾರಿಗಳು ವೇಗನ್ ಗುರುತಿನ ಖಾದ್ಯ ಹಿಡಿಯಿರಿ, ವೆಜಿಟೇರಿಯನ್ ಎಂದಿರುವುದರಲ್ಲಿ ಮೊಟ್ಟೆ ಇರಬಹುದು.

ಭೇಟಿಯ ಮೇಜಿನಲ್ಲಿ

ಜರ್ಮನ್ ವಿಶ್ವವಿದ್ಯಾಲಯದ ವೇಳಾಪಟ್ಟಿಯಲ್ಲಿ ಹೊತ್ತಿನ ಮುಂದೆ ‘ಸಿ.ಟಿ.’ ಎಂದಿದ್ದರೆ ಕಾಲು ಗಂಟೆ ತಡ, ‘ಎಸ್.ಟಿ.’ ಎಂದಿದ್ದರೆ ಸರಿಯಾಗಿ ಅದೇ ಹೊತ್ತು. ಈ ಕಾಲು ಗಂಟೆ ಪಾಠಕ್ಕೆ ಮಾತ್ರ. ಕಚೇರಿಯ ಅಪಾಯಿಂಟ್‌ಮೆಂಟಿಗೆ ಐದು ನಿಮಿಷ ಮೊದಲೇ ಬಾಗಿಲಲ್ಲಿರಿ. ಶುಕ್ರವಾರ ಮಧ್ಯಾಹ್ನದ ನಂತರ ಯಾವ ಭೇಟಿಯನ್ನೂ ಇಟ್ಟುಕೊಳ್ಳಬೇಡಿ.

‘ನೀವು ಯಾವ ಯಾವ ಸೇವೆ ಕೊಡುತ್ತೀರಿ?’ ಎಂಬ ಪ್ರಶ್ನೆಗೆ ಕರಪತ್ರವೇ ಉತ್ತರ. ಬದಲಿಗೆ ಹೀಗೆ ಕೇಳಿ: ಹೆಸರು ಬೇಡ, ಈ ವಾರ ಬಂದವರು ಹೆಚ್ಚಾಗಿ ಕೇಳಿದ್ದೇನು? ಇಲ್ಲಿಗೆ ತಪ್ಪಿ ಬಂದವರು ಎಷ್ಟು ಜನ, ಯಾಕೆ ತಪ್ಪಿ ಬಂದರು? ನೀವು ರಜೆಯಲ್ಲಿದ್ದರೆ ಈ ಕಡತ ಯಾರ ಕೈಗೆ ಹೋಗುತ್ತದೆ? ಕಳೆದ ವರ್ಷ ನಿಲ್ಲಿಸಿದ ಸೇವೆ ಯಾವುದು? ಕೊನೆಯ ಪ್ರಶ್ನೆಗೆ ಹಣದ ಕತೆ ಹೊರಬರುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಸರ್ಕಾರವೇ ಹಾಗೆ ಮಾಡಿ ನೋಡಿದೆ: 2015ರಲ್ಲಿ ಮೂಲ ವಿದ್ಯಾರ್ಥಿವೇತನ ರದ್ದುಮಾಡಿ ಸಾಲದ ಪದ್ಧತಿ ತಂದಿತು, 2023ರ ಸೆಪ್ಟೆಂಬರ್‌ನಲ್ಲಿ ವಿದ್ಯಾರ್ಥಿವೇತನವನ್ನೇ ಮರಳಿ ತಂದಿತು. ನಡುವಿನ ವರ್ಷಗಳಲ್ಲಿ ಓದಿದವರು ಈಗಲೂ ಸಿಟ್ಟಿನಲ್ಲಿದ್ದಾರೆ, ವಿದ್ಯಾರ್ಥಿ ಸಂಘದವರು ವಿವರವಾಗಿ ಹೇಳುತ್ತಾರೆ.

ಯುಜಿಸಿಯ 2023ರ ಅಹವಾಲು ಪರಿಹಾರ ನಿಯಮದ ಪ್ರಕಾರ ನಮ್ಮ ವಿಶ್ವವಿದ್ಯಾಲಯಗಳಲ್ಲೂ ವಿದ್ಯಾರ್ಥಿಗಳ ದೂರು ವಿಚಾರಿಸುವ ಓಂಬುಡ್ಸ್‌ಪರ್ಸನ್ ಇರಬೇಕು. ಡಚ್ ವಿಶ್ವವಿದ್ಯಾಲಯದ ಅದೇ ಹುದ್ದೆಯವರನ್ನು ಭೇಟಿ ಮಾಡುವಾಗ ಅಧಿಕಾರದ ಪಟ್ಟಿ ಬಿಟ್ಟು ಕೆಲಸದ ದಾರಿ ಕೇಳಿ: ದೂರು ಕೊಟ್ಟವರಿಗೆ ಮೊದಲ ಉತ್ತರ ಎಷ್ಟು ದಿನದಲ್ಲಿ ಹೋಗುತ್ತದೆ, ವಾರ್ಷಿಕ ವರದಿ ಯಾರ ಮುಂದೆ ಹೋಗುತ್ತದೆ, ಅದು ಪ್ರಕಟವಾಗುತ್ತದೆಯೇ.

ಫೋಟೊ ವಿಷಯದಲ್ಲಿ ಬಿಗಿಯಾಗಿರಿ. 2018ರಿಂದ ಜಾರಿಯಲ್ಲಿರುವ ಐರೋಪ್ಯ ದತ್ತಾಂಶ ರಕ್ಷಣೆಯ ನಿಯಮ ಗೊತ್ತಿಲ್ಲದ ಸಿಬ್ಬಂದಿ ಅಲ್ಲಿಲ್ಲ. ವಿದ್ಯಾರ್ಥಿಗಳ ಮುಖ, ಅಂಚೆ ಡಬ್ಬಿಯ ಹೆಸರು, ನೋಟಿಸ್ ಬೋರ್ಡಿನ ಪಟ್ಟಿ ತೆಗೆಯಬೇಡಿ. ಬಾಗಿಲ ಮೇಲಿನ ಸಮಯದ ಫಲಕ, ಖಾಲಿ ಫಾರಂ, ಖಾಲಿ ಅಡುಗೆಮನೆ ಸಾಕು. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವ ಆಸೆ ಇದ್ದರೆ ಹೈಡೆಲ್‌ಬರ್ಗ್‌ನ ಹಳೆಯ ವಿದ್ಯಾರ್ಥಿ ಜೈಲಿಗೆ ಹೋಗಿ. ವಿದ್ಯಾರ್ಥಿಗಳನ್ನು ಶಿಕ್ಷಿಸುವ ಅಧಿಕಾರ ವಿಶ್ವವಿದ್ಯಾಲಯದ ಕೈಯಲ್ಲೇ ಇದ್ದ ಕಾಲದ ಕೋಣೆಗಳವು, 1914ರವರೆಗೂ ಬಳಕೆಯಲ್ಲಿದ್ದವು. ಗೋಡೆ ತುಂಬ ಕೈದಿಗಳು ಬರೆದ ಚಿತ್ರಗಳಿವೆ. ಟ್ಯೂಬಿಂಗನ್‌ನಲ್ಲಿ ಒಂದು ಸಂಜೆ ಬಿಡುವಿಟ್ಟುಕೊಳ್ಳಿ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ 1903ರಲ್ಲಿ ತೀರಿಕೊಂಡ ಊರು ಅದು.

ವರದಿ ವಿಮಾನ ಹತ್ತುವ ಮೊದಲು

ಊರಿಗೆ ಬಂದು ಬರೆಯೋಣ ಎಂದ ವರದಿ ಪರೀಕ್ಷೆ, ಪ್ರವೇಶಗಳ ಗದ್ದಲದಲ್ಲಿ ಮೂರು ತಿಂಗಳು ಕೂರುತ್ತದೆ, ಅಷ್ಟರಲ್ಲಿ ಹೈಡೆಲ್‌ಬರ್ಗ್ ಯಾವುದು, ಉಟ್ರೆಕ್ಟ್ ಯಾವುದು ಎಂಬುದೇ ಕಲಸಿಹೋಗಿರುತ್ತದೆ. ಪ್ರತಿ ರಾತ್ರಿ ಅರ್ಧ ಗಂಟೆ ಮೂರೂ ಗುಂಪು ಕೂತು ಒಂದೊಂದು ಸೇವೆಗೆ ಒಂದೇ ಪುಟ ಬರೆಯಲಿ: ಹಣ ಯಾರದು, ನಡೆಸುವವರು ಯಾರು, ತೀರ್ಮಾನ ಯಾರದು, ಎಷ್ಟು ದಿನ ಕಾಯಬೇಕು, ಬಾಗಿಲು ಮುಚ್ಚಿದ ಮೇಲೆ ಏನು, ವಿದ್ಯಾರ್ಥಿ ಹೇಳಿದ್ದಕ್ಕೂ ಕಚೇರಿ ಹೇಳಿದ್ದಕ್ಕೂ ಎಲ್ಲಿ ವ್ಯತ್ಯಾಸ ಬಂತು. ಕಚೇರಿಯ ಮಾತನ್ನು ನೀಲಿ ಶಾಯಿಯಲ್ಲಿ, ವಿದ್ಯಾರ್ಥಿಗಳ ಮಾತನ್ನು ಕಪ್ಪಿನಲ್ಲಿ, ಕಣ್ಣಾರೆ ಕಂಡದ್ದನ್ನು ಪೆನ್ಸಿಲಿನಲ್ಲಿ ಬರೆದರೆ ಮುಂದೆ ಯಾರೂ ಊಹೆಯನ್ನು ಸತ್ಯವೆಂದು ಬರೆಯಲಾರರು.

ಕೊನೆಯ ಮಧ್ಯಾಹ್ನ ಉಟ್ರೆಕ್ಟ್‌ನಲ್ಲಿ ಮೂರು ಗಂಟೆ ಇದಕ್ಕೆಂದೇ ತೆಗೆದಿಡಿ. ನಿಮ್ಮ ಸಂಸ್ಥೆಯಲ್ಲಿ ಹೊಸ ಹುದ್ದೆ, ಹೊಸ ಕಟ್ಟಡ ಕೇಳದೆ ಒಂದು ಸೆಮಿಸ್ಟರ್‌ನೊಳಗೆ ಮಾಡಬಹುದಾದ ಎರಡು ಕೆಲಸ ಆರಿಸಿ, ಮಾಡುವವರ ಹೆಸರು, ತಾರೀಖು ಸಮೇತ ಬರೆಯಿರಿ. ಮೆಸ್ಸಿನ ಸಾಲಿಗೆ ಗಡಿಯಾರ ಹಿಡಿಯುವುದು, ಹಾಸ್ಟೆಲಿನಲ್ಲಿ ಹಿರಿಯ ವಿದ್ಯಾರ್ಥಿ ಟ್ಯೂಟರ್‌ಗಳನ್ನು ನೇಮಿಸುವುದು, ಪರೀಕ್ಷಾ ಶುಲ್ಕದ ರಸೀದಿಯಲ್ಲಿ ಬಿಡಿ ಲೆಕ್ಕ ಮುದ್ರಿಸುವುದು, ಇಂಥವು. ಆ ಪುಟಗಳಲ್ಲಿ ಆತಿಥೇಯರಿಗೆ ಸಂಬಂಧಿಸಿದ್ದನ್ನು ಇಂಗ್ಲಿಷಿಗೆ ಮಾಡಿ ಹತ್ತು ದಿನದೊಳಗೆ ಅವರಿಗೆ ಕಳಿಸಿ, ತಪ್ಪಿದ್ದರೆ ತಿದ್ದಲು ಕೇಳಿ. ಅಂಕಿಗಳಲ್ಲಿ ಎರಡು ಮೂರು ತಪ್ಪಾದರೂ ಇದ್ದೇ ಇರುತ್ತವೆ.